ಅಡಿಕೆ ತೋಟಕ್ಕೆ ಲೇಯರ್ 2 ಮೆಶ್: ಆರು ನೋಡ್‌ಗಳ ಬ್ಯಾಟ್‌ಮ್ಯಾನ್ ಜಾಲ ಕಟ್ಟಿದ ದಾಖಲೆ

ಶಿರಸಿ ಸೀಮೆಯ ಅಡಿಕೆ ತೋಟ. ಇಳಿಜಾರಿನ ಅಂಚಿಗೆ ಮನೆ, ಕೆಳಗೆ ಕಣಿವೆಯಲ್ಲಿ ತೋಟ, ಮೇಲೆ ಬೆಟ್ಟ, ಹಳ್ಳದಾಚೆ ಇನ್ನೊಂದು ಮನೆ. ಫೈಬರ್ ಇಂಟರ್ನೆಟ್ ಬಂದಿರುವುದು ದೊಡ್ಡ ಮನೆಯ ಜಗುಲಿಯವರೆಗೆ ಮಾತ್ರ. ಆ 50 ಎಂಬಿಪಿಎಸ್ ಸಂಪರ್ಕ ಅಂಗಳಕ್ಕೆ, ಕೊಟ್ಟಿಗೆಗೆ, ಬೆಟ್ಟದ ಮೇಲಿನ ನೀರಿನ ಟ್ಯಾಂಕಿಗೆ, ಹಳ್ಳದ ದಂಡೆಯ ಪಂಪ್‌ಶೆಡ್ಡಿಗೆ ಮತ್ತು ಆಚೆ ಮನೆಗೆ ತಲುಪಬೇಕಿತ್ತು. ಟ್ಯಾಂಕಿನ ನೀರಿನ ಮಟ್ಟ ಹೇಳುವ ಸೆನ್ಸರ್, ಪಂಪಿನ ಸ್ಟಾರ್ಟರ್, ಕ್ಯಾಮೆರಾ, ಫೋನು ಎಲ್ಲವೂ ಒಂದೇ ನೆಟ್‌ವರ್ಕಿನಲ್ಲಿ ಇರಬೇಕು, ಫೋನ್ ಹಿಡಿದು ತೋಟಕ್ಕಿಳಿದರೆ ಐಪಿ ವಿಳಾಸ ಬದಲಾಗಬಾರದು ಎಂಬುದು ಬೇಡಿಕೆ.

ಇದಕ್ಕೆ ಆರಿಸಿಕೊಂಡದ್ದು ಬ್ಯಾಟ್‌ಮ್ಯಾನ್ ಅಡ್ವಾನ್ಸ್ಡ್. ರೂಟರ್‌ಗಳು ಒಂದರಿಂದೊಂದಕ್ಕೆ ಡೇಟಾ ದಾಟಿಸುವ ಮೆಶ್ ಜಾಲ ಕಟ್ಟುವ ತಂತ್ರಾಂಶ ಇದು, ಜಾಲದ ಒಂದೊಂದು ರೂಟರೂ ಒಂದು ನೋಡ್. ಬರ್ಲಿನ್‌ನ ಫ್ರೈಫಂಕ್ ಎಂಬ ಸ್ವಯಂಸೇವಕ ವೈಫೈ ಬಳಗದಲ್ಲಿ ಹುಟ್ಟಿದ ಬ್ಯಾಟ್‌ಮ್ಯಾನ್ ಕೆಲಸದ ಮುಂದುವರಿಕೆ ಇದು, 2011ರಲ್ಲಿ 2.6.38ನೇ ಆವೃತ್ತಿಯೊಂದಿಗೆ ಲಿನಕ್ಸ್ ಕರ್ನಲ್ಲಿನ ಒಳಗೇ ಸೇರಿತು. ಇದು ದಾರಿ ಹುಡುಕುವುದು ಐಪಿ ವಿಳಾಸದಿಂದಲ್ಲ (ಅದು ಲೇಯರ್ 3), ಸಾಧನದ ಯಂತ್ರಾಂಶಕ್ಕೆ ಅಂಟಿದ ಮ್ಯಾಕ್ ವಿಳಾಸದಿಂದ (ಇದು ಲೇಯರ್ 2). ಹಾಗಾಗಿ ಮೇಲಿನ ಪದರಕ್ಕೆ ಇಡೀ ತೋಟ ಒಂದೇ ಸ್ವಿಚ್ಚಾಗಿ ಕಾಣುತ್ತದೆ: ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಒಂದೇ, ವಿಳಾಸಗಳ ಗುಂಪಾದ ಸಬ್‌ನೆಟ್ ಒಂದೇ. ಈ ಅನುಕೂಲದ ಬೆಲೆಯೆಂದರೆ ತೊಂದರೆಗಳೂ ಸ್ವಿಚ್ಚಿನ ಮಟ್ಟದಲ್ಲೇ ಬರುತ್ತವೆ. ಐಪಿ ಪಿಂಗ್ ಸರಿಯಿದೆ, ಆದರೂ ಪುಟ ತೆರೆಯುತ್ತಿಲ್ಲ ಎಂಬ ಬಗೆಯವು. ಈ ದಾಖಲೆಯಲ್ಲಿ ಹೆಚ್ಚು ಜಾಗ ಹಿಡಿದಿರುವುದು ಅವೇ.

ಹಂತ 1: ಜಾಗ ಮತ್ತು ಅಳತೆ

ನೋಡ್ 1 ದೊಡ್ಡ ಮನೆಯ ಅಟ್ಟದಲ್ಲಿ, ಹೆಂಚಿನ ಕೆಳಗೆ, ಇಂಟರ್ನೆಟ್ಟಿಗೆ ಬಾಗಿಲಾದ ಗೇಟ್‌ವೇ ಇದೇ. ನೋಡ್ 2 ಅಂಗಳದ ಅಡಿಕೆ ಚಪ್ಪರದ ಕಂಬಕ್ಕೆ, ಮನೆಯಿಂದ 45 ಮೀಟರ್. ನೋಡ್ 3 ಕೊಟ್ಟಿಗೆಯಲ್ಲಿ, 35 ಮೀಟರ್ ಅಷ್ಟೇ, ಆದರೆ ನಡುವೆ ಕೆಂಪುಕಲ್ಲಿನ ಎರಡು ದಪ್ಪ ಗೋಡೆ. ನೋಡ್ 4 ಬೆಟ್ಟದ ಟ್ಯಾಂಕಿನ ಪಕ್ಕ, ಅಂಗಳದಿಂದ 180 ಮೀಟರ್, ನೇರ ನೋಟ ಇದೆ. ಮನೆಯಿಂದ ನೇರ ನೋಡಿದರೆ ನಡುವೆ ಹಲಸಿನ ಮರಗಳು. ನೋಡ್ 5 ಪಂಪ್‌ಶೆಡ್, ಟ್ಯಾಂಕಿನಿಂದ 150 ಮೀಟರ್, ಆದರೆ ಅಡಿಕೆ ಮರಗಳ ತಲೆಯ ನಡುವೆ ಹಾಯ್ದು ಬರಬೇಕು. ನೋಡ್ 6 ಆಚೆ ಮನೆಯ ಮಾಡಿನ ತುದಿ, ಟ್ಯಾಂಕಿನಿಂದ 260 ಮೀಟರ್, ಅಡ್ಡ ಏನೂ ಇಲ್ಲ.

ನಕ್ಷೆ ಬರೆದ ಮೇಲೆ ಸ್ಪಷ್ಟವಾದದ್ದು: ಟ್ಯಾಂಕಿನ ನೋಡ್ ಇಡೀ ಜಾಲದ ಕೀಲು. ಅದಕ್ಕೆ ವಿದ್ಯುತ್ತು ಒಯ್ಯುವುದಕ್ಕೇ ಅರ್ಧ ಶ್ರಮ ಹೋಗುತ್ತದೆ. ಮಲೆನಾಡಿನಲ್ಲಿ ಎಲ್ಲೇ ಇಂಥ ಜಾಲ ಕಟ್ಟುವವರು ಮೊದಲು ಎತ್ತರದ ಜಾಗದ ಕರೆಂಟಿನ ಬಗ್ಗೆ ಯೋಚಿಸಿ, ಆಮೇಲೆ ರೂಟರ್ ಕೊಳ್ಳಲಿ.

ಹಂತ 2: ಸಾಮಾನು ಮತ್ತು ಖರ್ಚು

ಎಂಟಿ7621 ಪ್ರೊಸೆಸರ್, 16 ಎಂಬಿ ಫ್ಲ್ಯಾಶ್, 128 ಎಂಬಿ ರ್‍ಯಾಮ್ ಇರುವ ಎರಡು ಬ್ಯಾಂಡಿನ ಹಳೆಯ ರೂಟರ್‌ಗಳು, ತಲಾ 1,100 ರೂಪಾಯಿಯಂತೆ ಆರು: 6,600. 8 ಎಂಬಿ ಫ್ಲ್ಯಾಶಿನವು ಇನ್ನೂ ಅಗ್ಗಕ್ಕೆ ಸಿಗುತ್ತವೆ, ಆದರೆ ಬೇಕಾದ ಪ್ಯಾಕೇಜ್ ಹಾಕಿದ ಮೇಲೆ ಅವುಗಳಲ್ಲಿ ಜಾಗ ಉಳಿಯುವುದಿಲ್ಲ. ಹೊರಗಿನ ಮೂರು ನೋಡ್‌ಗಳಿಗೆ ಐಪಿ65 ಪ್ಲಾಸ್ಟಿಕ್ ಪೆಟ್ಟಿಗೆ, 1,140. ಟ್ಯಾಂಕಿಗೆ 0.75 ಚದರ ಮಿ.ಮೀ. ಎರಡು ಎಳೆಯ ತಂತಿ 200 ಮೀಟರ್, 4,400. 48 ವೋಲ್ಟ್ ಎಸ್‌ಎಂಪಿಎಸ್ ಮತ್ತು ಇಳಿಸುವ ಕನ್ವರ್ಟರ್, 950. ತಂತಿಯ ಎರಡೂ ತುದಿಗೆ ಸರ್ಜ್ ರಕ್ಷಕ, 1,300. ಪಂಪ್‌ಶೆಡ್ಡಿಗೆ 12 ವೋಲ್ಟ್ 26 ಎಎಚ್ ಬ್ಯಾಟರಿ ಮತ್ತು ಚಾರ್ಜರ್, 3,400. ಕೊಟ್ಟಿಗೆಗೆ 40 ಮೀಟರ್ ಫೈಬರ್ ಮತ್ತು ಮೀಡಿಯಾ ಕನ್ವರ್ಟರ್ ಜೋಡಿ, 2,100. ಜಿಐ ಪೈಪು, ಕ್ಲ್ಯಾಂಪು, ಕೇಬಲ್ ಗ್ಲ್ಯಾಂಡು, 1,600. ಒಟ್ಟು 21,490.

ಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆ ಒಂದೇ. ರೂಟರಿನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಫರ್ಮ್‌ವೇರ್ ಏರಿಸಿ ‘ಐಡಬ್ಲ್ಯು ಲಿಸ್ಟ್’ ಆಜ್ಞೆ ಕೊಟ್ಟರೆ ಬರುವ ಪಟ್ಟಿಯಲ್ಲಿ ‘ಮೆಶ್ ಪಾಯಿಂಟ್’ ಇರಬೇಕು. ಅದಕ್ಕಿಂತ ಕೆಳಗೆ ಯಾವ ಮೋಡ್‌ಗಳನ್ನು ಒಟ್ಟಿಗೆ ಓಡಿಸಬಹುದೆಂಬ ಪಟ್ಟಿ ಇರುತ್ತದೆ. ಅಲ್ಲಿ ಎಪಿ (ಫೋನ್‌ಗಳಿಗೆ ವೈಫೈ ಕೊಡುವ ಮೋಡ್) ಮತ್ತು ಮೆಶ್ ಪಾಯಿಂಟ್ ಜೊತೆಯಾಗಿ ಇವೆಯೇ ನೋಡಬೇಕು. ಇಲ್ಲದಿದ್ದರೆ ಆ ರೇಡಿಯೊ ಈ ಕೆಲಸಕ್ಕೆ ಬಾರದು.

ಹಂತ 3: ಫರ್ಮ್‌ವೇರ್

ಇಲ್ಲಿ ಹಾಕಿದ್ದು ಓಪನ್‌ಡಬ್ಲ್ಯುಆರ್‌ಟಿ 23.05 ಆವೃತ್ತಿ. ಮೂಲ ಇಮೇಜಿನಲ್ಲಿ ಇರುವ ‘ಡಬ್ಲ್ಯುಪ್ಯಾಡ್-ಬೇಸಿಕ್’ಗೆ ಮೆಶ್‌ನ ಎಸ್‌ಎಇ ಪಾಸ್‌ವರ್ಡ್ ಗೊತ್ತಿಲ್ಲ. ಅದನ್ನು ತೆಗೆದು ‘ಡಬ್ಲ್ಯುಪ್ಯಾಡ್-ಮೆಶ್-ಎಂಬೆಡ್‌ಟಿಎಲ್‌ಎಸ್’ ಹಾಕಬೇಕು. ಜೊತೆಗೆ ‘ಕೆಮಾಡ್-ಬ್ಯಾಟ್‌ಮ್ಯಾನ್-ಅಡ್ವ್’ ಮತ್ತು ಜಾಲವನ್ನು ಪರೀಕ್ಷಿಸುವ ಆಜ್ಞೆಗಳ ‘ಬ್ಯಾಟ್‌ಸಿಟಿಎಲ್-ಫುಲ್’. ರೂಟರ್ ಮೇಲೆಯೇ ಒಂದೊಂದಾಗಿ ತೆಗೆದು ಹಾಕಲು ಹೋದರೆ, ವೈಫೈಯಿಂದಲೇ ಇಂಟರ್ನೆಟ್ ಪಡೆಯುತ್ತಿರುವ ರೂಟರ್ ಹಳೆಯ ಪ್ಯಾಕೇಜ್ ಕಿತ್ತ ಕೂಡಲೇ ಕುರುಡಾಗುತ್ತದೆ. ಫರ್ಮ್‌ವೇರ್ ಸೆಲೆಕ್ಟರ್ ಪುಟದಲ್ಲಿ ಪ್ಯಾಕೇಜ್ ಪಟ್ಟಿಯನ್ನು ತಿದ್ದಿ ಆಯಾ ಮಾದರಿಗೆ ಇಮೇಜನ್ನೇ ಹೊಸದಾಗಿ ಕಟ್ಟಿಸಿ, ಆರಕ್ಕೂ ಏರಿಸುವುದು ಸುರಕ್ಷಿತ. ಆರೂ ಒಂದೇ ಆವೃತ್ತಿಯಲ್ಲಿರುವುದರಿಂದ ಮುಂದೆ ತೊಂದರೆ ಹುಡುಕುವಾಗ ಒಂದು ಅನುಮಾನ ಕಮ್ಮಿ.

ಇನ್ನೊಂದು ಮುನ್ನೆಚ್ಚರಿಕೆ. ಪ್ರತಿ ರೂಟರಿನ ವ್ಯಾನ್ ಪೋರ್ಟಿಗೆ 192.168.99 ಸರಣಿಯ ಒಂದು ಸ್ಥಿರ ವಿಳಾಸ ಕೊಟ್ಟು, ಅದನ್ನು ಪೋರ್ಟ್‌ಗಳನ್ನು ಒಂದೇ ಜಾಲವಾಗಿ ಬೆಸೆಯುವ ಬ್ರಿಡ್ಜಿನಿಂದ ಹೊರಗಿಡಿ. ಗೇಟ್‌ವೇಯಲ್ಲಿ ಆ ಪೋರ್ಟಿಗೆ ಇಂಟರ್ನೆಟ್ ಬರುವುದರಿಂದ ಅಲ್ಲಿ ಬೇರೆ ಪೋರ್ಟ್. ಮೆಶ್ ಕಾನ್ಫಿಗ್ ಎಷ್ಟೇ ಕೆಟ್ಟರೂ ಲ್ಯಾಪ್‌ಟಾಪಿನ ಕೇಬಲ್ ಸಿಕ್ಕಿಸಿ ಒಳಗೆ ಹೋಗಲು ಬಾಗಿಲು ಇರುತ್ತದೆ. ಬೆಟ್ಟ ಹತ್ತಿ ರೀಸೆಟ್ ಬಟನ್ ಒತ್ತುವ ಕೆಲಸ ಇದರಿಂದ ತಪ್ಪಿತು.

ಹಂತ 4: ಮೇಜಿನ ಮೇಲೆ ಜೋಡಣೆ

ಆರನ್ನೂ ಒಂದೇ ಮೇಜಿನ ಮೇಲಿಟ್ಟು, ಟ್ರಾನ್ಸ್‌ಮಿಟ್ ಪವರ್ ಕಮ್ಮಿ ಮಾಡಿ ಕಾನ್ಫಿಗ್ ಮುಗಿಸಿದೆವು. ಮೆಶ್‌ಗೆ 5 ಗಿಗಾಹರ್ಟ್ಸ್, ಫೋನ್‌ಗಳಿಗೆ 2.4.

ವೈರ್‌ಲೆಸ್: ದೇಶದ ಕೋಡ್ ಭಾರತ, ಚಾನೆಲ್ 149, ಅಗಲ 40 ಮೆಗಾಹರ್ಟ್ಸ್, ದೂರ 300. ಚಾನೆಲನ್ನು ಆಟೋ ಬಿಡಬಾರದು, ಒಂದೊಂದು ನೋಡ್ ಒಂದೊಂದು ಕಡೆ ಹೋಗಿ ಕೂರುತ್ತದೆ. ಭಾರತದಲ್ಲಿ 2018ರ ಅಧಿಸೂಚನೆಯ ನಂತರ 5 ಗಿಗಾಹರ್ಟ್ಸಿನ ಬಹುಭಾಗ ಪರವಾನಗಿಯಿಲ್ಲದೆ ಬಳಸಲು ತೆರೆದಿದೆ. ಆದರೆ 52ರಿಂದ 144ರವರೆಗಿನ ಚಾನೆಲ್‌ಗಳಲ್ಲಿ ರೂಟರ್ ಮೊದಲು 60 ಸೆಕೆಂಡ್ ರೇಡಾರ್ ಆಲಿಸಿ ಆಮೇಲೆ ಮಾತಾಡಬೇಕು, ಓಡುತ್ತಿರುವಾಗ ರೇಡಾರ್ ಕಂಡರೆ ಚಾನೆಲ್ ಬಿಟ್ಟೇಳಬೇಕು. ಮೆಶ್‌ನಲ್ಲಿ ಒಂದು ನೋಡ್ ಹೀಗೆ ಎದ್ದು ಹೋದರೆ ಅದರ ಹಿಂದಿರುವವೆಲ್ಲ ಕಳಚುತ್ತವೆ. 36ರಿಂದ 48, ಇಲ್ಲವೇ 149ರಿಂದ ಮೇಲಿನವು ಸಾಕು.

ಮೆಶ್ ಇಂಟರ್‌ಫೇಸ್: ಮೋಡ್ ‘ಮೆಶ್’, ಎಲ್ಲ ಕಡೆ ಒಂದೇ ಮೆಶ್ ಐಡಿ, ಎನ್‌ಕ್ರಿಪ್ಷನ್ ‘ಎಸ್‌ಎಇ’, ಒಂದೇ ಕೀ.

ನೆಟ್‌ವರ್ಕ್: ‘ಬ್ಯಾಟ್0’ ಎಂಬ ಇಂಟರ್‌ಫೇಸ್, ಅದರ ಪ್ರೋಟೊ ‘ಬ್ಯಾಟ್‌ಅಡ್ವ್’, ರೂಟಿಂಗ್ ಆಲ್ಗೊ ‘ಬ್ಯಾಟ್‌ಮ್ಯಾನ್ 4’. ಮೆಶ್ ಇಂಟರ್‌ಫೇಸಿನ ಪ್ರೋಟೊ ‘ಬ್ಯಾಟ್‌ಅಡ್ವ್ ಹಾರ್ಡ್‌ಇಫ್’ (ಬ್ಯಾಟ್‌ಮ್ಯಾನ್ ಡೇಟಾ ಸಾಗಿಸುವ ಕೊಂಡಿ), ಮಾಸ್ಟರ್ ಬ್ಯಾಟ್0, ಎಂಟಿಯು (ಒಮ್ಮೆಗೆ ಹೋಗಬಹುದಾದ ಅತಿ ದೊಡ್ಡ ಪ್ಯಾಕೆಟ್) 1536 ಬೈಟ್. ಬ್ಯಾಟ್0 ಲ್ಯಾನ್ ಬ್ರಿಡ್ಜಿನ ಒಳಗೆ ಹೋಗಬೇಕು, ಮೆಶ್ ಇಂಟರ್‌ಫೇಸ್ ಹೋಗಬಾರದು. ರೂಟರಿನ ಸೆಟ್ಟಿಂಗ್‌ಗಳ ಲುಸಿ ಪುಟದಲ್ಲಿ ಮೆಶ್‌ಗೆ ನೆಟ್‌ವರ್ಕ್ ಆರಿಸುವಾಗ ‘ಲ್ಯಾನ್’ ಮೇಲೆ ಟಿಕ್ ಬಿದ್ದರೆ ಎರಡೂ ಬ್ರಿಡ್ಜಿಗೆ ಸೇರಿ, ಡೇಟಾ ಸುತ್ತುತ್ತಲೇ ಇರುವ ಲೂಪ್ ಆಗುತ್ತದೆ. ಎಲ್ಲ ರೂಟರಿನ ದೀಪಗಳೂ ಒಂದೇ ಸಮನೆ ಮಿನುಗತೊಡಗಿದರೆ ಮೊದಲು ನೋಡಬೇಕಾದ ಜಾಗ ಇದು.

ವಿಳಾಸ 192.168.10.1ರಿಂದ 6. ಡಿಎಚ್‌ಸಿಪಿ ಗೇಟ್‌ವೇಯಲ್ಲಿ ಮಾತ್ರ, ಉಳಿದ ಐದರಲ್ಲಿ ವಿಳಾಸ ಹಂಚುವ ಡಿಎನ್‌ಎಸ್‌ಮಾಸ್ಕ್ ಮತ್ತು ಒಡಿಎಚ್‌ಸಿಪಿಡಿ ಎರಡನ್ನೂ ನಿಲ್ಲಿಸಿ. ‘ಬ್ಯಾಟ್-ಹೋಸ್ಟ್ಸ್’ ಕಡತದಲ್ಲಿ ಪ್ರತಿ ಮ್ಯಾಕ್‌ಗೂ ಒಂದು ಹೆಸರು ಬರೆದಿಟ್ಟರೆ ಬ್ಯಾಟ್‌ಸಿಟಿಎಲ್‌ನ ಎಲ್ಲ ಪಟ್ಟಿಗಳೂ ಮ್ಯಾಕ್ ಬದಲು ‘ಟ್ಯಾಂಕ್’, ‘ಪಂಪ್’ ಎಂದು ತೋರಿಸುತ್ತವೆ. ಹತ್ತು ನಿಮಿಷದ ಈ ಕೆಲಸ ಬಿಟ್ಟವರು ಆಮೇಲೆ ಗಂಟೆಗಟ್ಟಲೆ ಕಣ್ಣು ನೋಯಿಸಿಕೊಳ್ಳುತ್ತಾರೆ.

ಮೇಜಿನ ಮೇಲೆಯೇ ಸಿಕ್ಕ ತೊಂದರೆ: ಕಾನ್ಫಿಗ್ ಕಡತವನ್ನು ಒಂದರಿಂದ ಉಳಿದವಕ್ಕೆ ಹಾಗೆಯೇ ನಕಲು ಮಾಡಿದಾಗ ಎರಡು ನೋಡ್‌ಗಳು ಬಿಟ್ಟು ಬಿಟ್ಟು ಮಾಯವಾಗುತ್ತಿದ್ದವು. ಕರ್ನಲ್ ಲಾಗಿನಲ್ಲಿ ‘ಬ್ಯಾಟ್0ದಲ್ಲಿ ನನ್ನದೇ ವಿಳಾಸದಿಂದ ಪ್ಯಾಕೆಟ್ ಬಂದಿದೆ’ ಎಂಬ ಅರ್ಥದ ಸಾಲು. ಕೆಲವು ರೂಟರ್‌ಗಳ ನೆಟ್‌ವರ್ಕ್ ಕಡತದಲ್ಲೇ ಮ್ಯಾಕ್ ವಿಳಾಸದ ಆಯ್ಕೆ ಬರೆದಿರುತ್ತದೆ, ನಕಲಿನ ಜೊತೆ ಅದೂ ಹೋಗುತ್ತದೆ. ಲೇಯರ್ 3ರಲ್ಲಿ ಇದು ಹೇಗೋ ನಡೆದೀತು. ಮ್ಯಾಕ್ ವಿಳಾಸವೇ ನೋಡಿನ ಗುರುತಾಗಿರುವ ಜಾಲದಲ್ಲಿ ಒಂದೇ ಹೆಸರಿನ ಇಬ್ಬರು ಇರುವಂತಿಲ್ಲ. ಆ ಸಾಲುಗಳನ್ನು ಅಳಿಸಿದ ಮೇಲೆ ಸರಿಹೋಯಿತು.

ಹಂತ 5: ಎರಡು ರೂಟಿಂಗ್ ಒಂದರ ಮೇಲೊಂದು

ನೋಡ್‌ಗಳನ್ನು ಅವುಗಳ ಜಾಗಕ್ಕೆ ಒಯ್ದ ಮೇಲೆ ಮನೆಯಿಂದ ‘ಬ್ಯಾಟ್‌ಸಿಟಿಎಲ್ ಎನ್’ ಕೊಟ್ಟರೆ ನೆರೆಯವರ ಪಟ್ಟಿಯಲ್ಲಿ ಐದೂ ನೋಡ್ ಕಂಡವು. ನೋಡಲು ಸಂತೋಷದ ಚಿತ್ರ, ಆದರೆ ಸುಳ್ಳು. ಪಂಪ್‌ಶೆಡ್ ಇರುವುದು ಇಳಿಜಾರಿನ ಕೆಳಗೆ. ಮನೆಯ ರೇಡಿಯೊಗೆ ಅದು ನೇರ ಕೇಳಲು ಸಾಧ್ಯವೇ ಇಲ್ಲ. ದಾರಿ ತೋರಿಸುವ ‘ಬ್ಯಾಟ್‌ಸಿಟಿಎಲ್ ಟಿಆರ್’ ಸಹ ಪಂಪ್‌ಶೆಡ್ಡಿಗೆ ಒಂದೇ ಹಾಪ್ (ನೋಡ್‌ನಿಂದ ನೋಡ್‌ಗೆ ಒಂದು ಜಿಗಿತ) ತೋರಿಸಿತು.

ಕಾರಣ: ವೈಫೈಯ ‘ಮೆಶ್’ ಮೋಡ್‌ಗೆ, ಅಂದರೆ 802.11ಎಸ್ ಮಾನದಂಡಕ್ಕೆ, ತನ್ನದೇ ಆದ ಲೇಯರ್ 2 ರೂಟಿಂಗ್ ಇದೆ, ಅದರ ಹೆಸರು ಎಚ್‌ಡಬ್ಲ್ಯುಎಂಪಿ. ಅದು ಕೆಳಗಿನಿಂದ ಫ್ರೇಮ್‌ಗಳನ್ನು (ಲೇಯರ್ 2ರ ಡೇಟಾ ಕಟ್ಟುಗಳನ್ನು) ಮುಂದಕ್ಕೆ ದಾಟಿಸುತ್ತಿದ್ದರೆ ಮೇಲಿನ ಬ್ಯಾಟ್‌ಮ್ಯಾನ್‌ಗೆ ಎಲ್ಲರೂ ಪಕ್ಕದವರಾಗಿಯೇ ಕಾಣುತ್ತಾರೆ. ದಾರಿ ಆರಿಸುವ ಕೆಲಸ ಬ್ಯಾಟ್‌ಮ್ಯಾನ್ ಕೈತಪ್ಪಿ, ವೇಗ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ.

ಪರಿಹಾರ: ಮೆಶ್ ಇಂಟರ್‌ಫೇಸಿನಲ್ಲಿ ‘ಮೆಶ್ ಫಾರ್ವರ್ಡಿಂಗ್’ ಆಯ್ಕೆ 0. ಆಮೇಲೆ ‘ಐಡಬ್ಲ್ಯು’ವಿನ ಎಂಪಾತ್ ಡಂಪ್ ಎಂಬ ದಾರಿಗಳ ಪಟ್ಟಿಯಲ್ಲಿ ನೇರ ಲಿಂಕ್ ಇರುವವರು ಮಾತ್ರ ಉಳಿಯಬೇಕು. ಇದು ಪ್ರತಿ ನೋಡ್‌ನಲ್ಲೂ ಆಗಬೇಕು; ಒಂದರಲ್ಲಿ ಬಿಟ್ಟುಹೋದರೂ ಆ ನೋಡ್ ಸುತ್ತ ಹುಸಿ ನೆರೆಹೊರೆ ಮುಂದುವರಿಯುತ್ತದೆ. ಇಲ್ಲಿ ಬಿಟ್ಟುಹೋದದ್ದು ಟ್ಯಾಂಕಿನದ್ದು, ಕೀಲಿನಲ್ಲೇ. ಅದಕ್ಕಾಗಿ ಈಗ ಕಾನ್ಫಿಗ್ ಏರಿಸಿದ ಮೇಲೆ ಆರಕ್ಕೂ ಒಂದೇ ಸ್ಕ್ರಿಪ್ಟ್ ಓಡಿಸಿ ಈ ಮೌಲ್ಯವನ್ನು ಓದಿ ಖಚಿತಪಡಿಸಿಕೊಳ್ಳುವುದು ಕ್ರಮ.

ಹಂತ 6: ಕೊಟ್ಟಿಗೆಯ ತಂತಿ

ಕೊಟ್ಟಿಗೆಗೆ ಗೋಡೆ ದಾಟಿ 5 ಗಿಗಾಹರ್ಟ್ಸ್ ಹೋಗದು. ಏಪ್ರಿಲ್-ಮೇ ಗುಡುಗಿನ ಕಾಲದಲ್ಲಿ ಎರಡು ಕಟ್ಟಡಗಳ ನಡುವೆ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆಯುವುದೂ ಬೇಡ. ಹಾಗಾಗಿ ಫೈಬರ್, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್.

ಈ ತಂತಿಯನ್ನು ಲ್ಯಾನ್ ಬ್ರಿಡ್ಜಿಗೆ ಸೇರಿಸುವುದು ಸುಲಭದ ದಾರಿ. ಬ್ಯಾಟ್‌ಮ್ಯಾನ್‌ನಲ್ಲಿ ಬ್ರಿಡ್ಜ್ ಲೂಪ್ ತಡೆ ಇದ್ದೇ ಇದೆ. ಆದರೆ ತಂತಿಯನ್ನೇ ಮೆಶ್‌ನ ಒಂದು ಕೊಂಡಿ ಮಾಡುವುದು ಮೇಲು. ಲ್ಯಾನ್ 4 ಪೋರ್ಟನ್ನು ಬ್ರಿಡ್ಜಿನಿಂದ ತೆಗೆದು, ಅದನ್ನೂ ‘ಬ್ಯಾಟ್‌ಅಡ್ವ್ ಹಾರ್ಡ್‌ಇಫ್’ ಮಾಡಿದೆವು. ಹೀಗಾದರೆ ಫೈಬರ್ ತುಂಡಾದ ದಿನ ಕೊಟ್ಟಿಗೆ ತಾನಾಗಿಯೇ ಅಂಗಳದ ನೋಡ್ ಮೂಲಕ ನಿಧಾನಕ್ಕಾದರೂ ದಾರಿ ಹುಡುಕಿಕೊಳ್ಳುತ್ತದೆ, ಲೂಪಿನ ಪ್ರಶ್ನೆಯೇ ಏಳುವುದಿಲ್ಲ.

ಜೋಡಿಸಿದ ಮೇಲೆ ಲಕ್ಷಣ ಹೀಗಿತ್ತು: ಪಿಂಗ್ ಸರಿ, ಎಸ್‌ಎಸ್‌ಎಚ್ ಲಾಗಿನ್ ಸರಿ, ಲಿಂಕಿನ ಗುಣಮಟ್ಟದ ಅಂಕವಾದ ಟಿಕ್ಯು ಪೂರ್ತಿ 255. ಕ್ಯಾಮೆರಾದ ಚಿತ್ರ ಮಾತ್ರ ಬಾರದು, ವೆಬ್ ಪುಟ ಅರ್ಧಕ್ಕೆ ನಿಲ್ಲುತ್ತದೆ. ದೊಡ್ಡ ಫ್ರೇಮ್ ಬಿದ್ದುಹೋಗುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತಿಲ್ಲ. ಲ್ಯಾಪ್‌ಟಾಪಿನಿಂದ ತುಂಡು ಮಾಡಬೇಡ ಎಂಬ ಆಯ್ಕೆಯೊಂದಿಗೆ 1472 ಬೈಟಿನ ಪಿಂಗ್ ಕಳಿಸಿದರೆ ಉತ್ತರವಿಲ್ಲ, 1400ಕ್ಕೆ ಇದೆ.

ಲೆಕ್ಕ: ಐಪಿ ಪ್ಯಾಕೆಟ್ 1500, ಒಳಗಿನ ಈಥರ್‌ನೆಟ್ ತಲೆ 14, ಬ್ಯಾಟ್‌ಮ್ಯಾನ್ ಯುನಿಕಾಸ್ಟ್ ತಲೆ 10, ಹೊರಗಿನ ಈಥರ್‌ನೆಟ್ ತಲೆ 14, ಕೊನೆಯ ಪರೀಕ್ಷಾ ಮೊತ್ತ 4. ಒಟ್ಟು 1542 ಬೈಟ್. ಎರಡೂ ರೂಟರ್‌ಗಳಲ್ಲಿ ಎಂಟಿಯು 1536 ಇದ್ದುದರಿಂದ ಬ್ಯಾಟ್‌ಮ್ಯಾನ್ ನಿಶ್ಚಿಂತೆಯಿಂದ ದೊಡ್ಡ ಫ್ರೇಮನ್ನೇ ಕಳಿಸುತ್ತಿತ್ತು. ನಡುವಿದ್ದ 10/100 ಕನ್ವರ್ಟರ್‌ಗಳು ಒಟ್ಟು 1536 ಬೈಟಿಗಿಂತ ದೊಡ್ಡ ಫ್ರೇಮನ್ನು ಸದ್ದಿಲ್ಲದೆ ಬಿಸಾಡುತ್ತಿದ್ದವು. ಹಳೆಯ ಅಗ್ಗದ ಸ್ವಿಚ್‌ಗಳಲ್ಲೂ ಇದೇ ಮಿತಿ ಇರುತ್ತದೆ.

ಎರಡು ಪರಿಹಾರ ಇವೆ. ಆ ಒಂದು ಪೋರ್ಟಿನ ಎಂಟಿಯುವನ್ನು ಎರಡೂ ತುದಿಯಲ್ಲಿ 1500ಕ್ಕೆ ಇಳಿಸಿದರೆ ಬ್ಯಾಟ್‌ಮ್ಯಾನ್ ತಾನೇ ಫ್ರೇಮನ್ನು ಎರಡು ತುಂಡು ಮಾಡಿ ಕಳಿಸಿ ಆ ತುದಿಯಲ್ಲಿ ಕೂಡಿಸುತ್ತದೆ. ‘ಎಂಟಿಯು ಸಣ್ಣದಾಯಿತು, 1532 ಮಾಡಿದರೆ ಒಳಿತು’ ಎಂದು ಲಾಗಿನಲ್ಲಿ ಒಂದು ಎಚ್ಚರಿಕೆ ಬರುತ್ತದೆ, ಅಷ್ಟೇ. ಇಲ್ಲವಾದರೆ ಜಂಬೊ ಫ್ರೇಮ್ ಹಾಯಿಸುವ ಗಿಗಾಬಿಟ್ ಕನ್ವರ್ಟರ್ ತರಬೇಕು. ಮೊದಲನೆಯದರಿಂದಲೇ ಕೊಟ್ಟಿಗೆಗೆ 80 ಎಂಬಿಪಿಎಸ್ ಸಿಕ್ಕಿತು. ಇಂಟರ್ನೆಟ್ಟೇ 50 ಇರುವಾಗ ಹೊಸ ಕನ್ವರ್ಟರ್ ಅನಗತ್ಯ.

ಹಂತ 7: ದುರ್ಬಲ ಲಿಂಕಿನ ಮೋಹ

ಎಲ್ಲಕ್ಕಿಂತ ಹೆಚ್ಚು ಸಮಯ ತಿಂದ ಭಾಗ ಇದು. ಹೊಸದಾಗಿ ಮೆಶ್ ಕಟ್ಟುವವರು ಬೇರೇನನ್ನೂ ಓದದಿದ್ದರೂ ಇದನ್ನು ಓದಲಿ.

ಟ್ಯಾಂಕಿಗೆ ಮನೆಯಿಂದ ಎರಡು ದಾರಿ. ಹಲಸಿನ ಮರಗಳ ಮೂಲಕ ನೇರ, ಸಿಗ್ನಲ್ ಮೈನಸ್ 79 ಡಿಬಿಎಂ (ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು). ಅಥವಾ ಅಂಗಳದ ಮೂಲಕ ಎರಡು ಹಾಪ್, ಎರಡೂ ಮೈನಸ್ 62ಕ್ಕಿಂತ ಚೆನ್ನ. ಕಣ್ಣಿಗೆ ಕಾಣುವಂತೆ ಎರಡನೆಯದೇ ಸರಿ. ಬ್ಯಾಟ್‌ಮ್ಯಾನ್ ಆರಿಸಿದ್ದು ಮೊದಲನೆಯದನ್ನು. ನೇರ ದಾರಿಗೆ ಟಿಕ್ಯು 205, ಅಂಗಳದ ದಾರಿಗೆ 175.

‘ಬ್ಯಾಟ್‌ಸಿಟಿಎಲ್ ಟಿಪಿ’ ಎಂಬ ವೇಗಮಾಪಕ ಐಪಿ ಇಲ್ಲದೆಯೇ ಎರಡು ನೋಡ್‌ಗಳ ನಡುವೆ 10 ಸೆಕೆಂಡ್ ಅಳೆಯುತ್ತದೆ. ಮನೆಯಿಂದ ಟ್ಯಾಂಕಿಗೆ ನೇರ: 7 ಎಂಬಿಪಿಎಸ್. ಮನೆಯಿಂದ ಅಂಗಳಕ್ಕೆ 150, ಅಂಗಳದಿಂದ ಟ್ಯಾಂಕಿಗೆ 90. ಎರಡೂ ಒಂದೇ ಚಾನೆಲ್ ಹಂಚಿಕೊಂಡರೂ ಕೂಡಿದ ದಾರಿ 7ಕ್ಕಿಂತ ಎಷ್ಟೋ ಪಾಲು ವೇಗ.

ಹೀಗೇಕೆ? 4ನೇ ಆವೃತ್ತಿಯ ಅಲ್ಗಾರಿದಮ್ ಲಿಂಕ್ ಅಳೆಯುವುದು ಓಜಿಎಂ ಎಂಬ ಸಣ್ಣ ಪ್ರಸಾರದ ಫ್ರೇಮ್‌ಗಳು ಎಷ್ಟು ತಲುಪಿದವು ಎಂಬುದರಿಂದ. ಪ್ರಸಾರದ ಫ್ರೇಮ್ 5 ಗಿಗಾಹರ್ಟ್ಸಿನಲ್ಲಿ ಹೋಗುವುದು ಅತಿ ಕೆಳಗಿನ 6 ಎಂಬಿಪಿಎಸ್ ದರದಲ್ಲಿ. ಆ ದರದಲ್ಲಿ ಮೈನಸ್ 79 ಆರಾಮವಾಗಿ ಕೇಳಿಸುತ್ತದೆ. ನಿಜವಾದ ಡೇಟಾ ಆ ಲಿಂಕಿನಲ್ಲಿ ಏದುಸಿರು ಬಿಡುವುದು ಅಲ್ಗಾರಿದಮ್‌ಗೆ ಕಾಣುವುದೇ ಇಲ್ಲ. ಮೇಲಿಂದ ಪ್ರತಿ ಹಾಪಿಗೂ 255ರಲ್ಲಿ 30ರ ದಂಡ ಬೇರೆ.

ಪ್ರಯತ್ನ ಒಂದು: ಹಾಪ್ ಪೆನಾಲ್ಟಿ 30ರಿಂದ 15ಕ್ಕೆ. ಅಂಗಳದ ದಾರಿ 190ಕ್ಕೆ ಏರಿತು, ನೇರ ದಾರಿ 205ರಲ್ಲೇ ಉಳಿಯಿತು. ಸಾಲದು. ಸೊನ್ನೆಗೆ ಇಳಿಸುವುದು ತಪ್ಪು. ಹಾಪಿಗೆ ಬೆಲೆಯೇ ಇಲ್ಲದಿದ್ದರೆ ಬಹುತೇಕ ಸಮನಾದ ದಾರಿಗಳ ನಡುವೆ ಜಾಲ ಹೊಯ್ದಾಡುತ್ತದೆ.

ಪ್ರಯತ್ನ ಎರಡು: ಮೆಶ್ ಆರ್‌ಎಸ್‌ಎಸ್‌ಐ (ಸಿಗ್ನಲ್ ಬಲ) ಮಿತಿ ಮೈನಸ್ 75. ಇದಕ್ಕಿಂತ ದುರ್ಬಲವಾದ ನೆರೆಯೊಂದಿಗೆ ಲಿಂಕ್ ಕಟ್ಟಬೇಡ ಎಂದರ್ಥ. ಮನೆ-ಟ್ಯಾಂಕ್ ನೇರ ಲಿಂಕ್ ಹೋಯಿತು, ಎಲ್ಲ ಸರಿ ಎನ್ನಿಸಿತು. ಆದರೆ ಈ ಮಿತಿ ಲಿಂಕ್ ಕಟ್ಟುವಾಗ ಮಾತ್ರ ನೋಡುತ್ತದೆ, ಕಟ್ಟಿದ್ದನ್ನು ಕಡಿಯುವುದಿಲ್ಲ. ಒಣ ಮಧ್ಯಾಹ್ನ ಕಟ್ಟಿಕೊಂಡ ಪಂಪ್‌ಶೆಡ್ ಲಿಂಕ್ ಮಳೆಯಲ್ಲೂ ಬದುಕಿತ್ತು. ಮಳೆಯ ನಡುವೆ ಕರೆಂಟ್ ಹೋಗಿ ಬಂದ ಮೇಲೆ ಪಂಪ್‌ಶೆಡ್ ಮರಳಿ ಸೇರಲೇ ಇಲ್ಲ. ಹವಾಮಾನದ ಮೇಲೆ ನಿಂತ ಇಂಥ ಕಾನ್ಫಿಗ್ ಹಿಡಿಯುವುದು ಕಷ್ಟ, ಕೈಬಿಟ್ಟೆವು.

ಪ್ರಯತ್ನ ಮೂರು: ಮಲ್ಟಿಕಾಸ್ಟ್ ದರ, ಅಂದರೆ ಪ್ರಸಾರದ ಫ್ರೇಮ್‌ಗಳು ಹೋಗುವ ವೇಗ, ಕೆಬಿಪಿಎಸ್ ಲೆಕ್ಕದಲ್ಲಿ. ಮೆಶ್ ಇಂಟರ್‌ಫೇಸಿನಲ್ಲಿ ಇದನ್ನು 12000ಕ್ಕೆ ಏರಿಸಿದಾಗ ನೇರ ದಾರಿಯ ಟಿಕ್ಯು 198, ಅಂಥ ವ್ಯತ್ಯಾಸವಿಲ್ಲ. 18000ಕ್ಕೆ 150. 24000ಕ್ಕೆ 92, ಅಂಗಳದ ದಾರಿ 188ರಲ್ಲೇ ಗಟ್ಟಿ. ಈಗ ಓಜಿಎಂಗೂ ಡೇಟಾದಷ್ಟೇ ಕಷ್ಟ ಎದುರಾಗುತ್ತದೆ, ಅಲ್ಗಾರಿದಮ್ ಕಾಣುವುದು ನಿಜಕ್ಕೆ ಹತ್ತಿರ. ಮೌಲ್ಯ ಬದಲಿಸಿದ ಕೂಡಲೇ ಅಂಕಿ ನಂಬಬೇಡಿ: ಟಿಕ್ಯು ಲೆಕ್ಕ ಕಳೆದ 64 ಓಜಿಎಂಗಳ ಮೇಲೆ, ಸೆಕೆಂಡಿಗೊಂದರಂತೆ. ಒಂದು ನಿಮಿಷಕ್ಕೂ ಸ್ವಲ್ಪ ಹೆಚ್ಚು ಕಾದ ನಂತರ ಓದಬೇಕು. ಆಂಟೆನಾ ತಿರುಗಿಸುವಾಗಲೂ ಇದೇ ನಿಯಮ.

5ನೇ ಆವೃತ್ತಿಯ ಅಲ್ಗಾರಿದಮ್ ಈ ಸಮಸ್ಯೆಯನ್ನು ಬುಡದಿಂದ ತಪ್ಪಿಸುತ್ತದೆ. ಅದು ಅಳೆಯುವುದೇ ಥ್ರೂಪುಟ್ಟನ್ನು, ಅಂದರೆ ಡೇಟಾ ನಿಜವಾಗಿ ಸಾಗುವ ವೇಗವನ್ನು. ಅದನ್ನು ಆರಿಸುವ ಮೊದಲು ‘ಐಡಬ್ಲ್ಯು’ವಿನ ಸ್ಟೇಷನ್ ಡಂಪ್‌ನಲ್ಲಿ ‘ನಿರೀಕ್ಷಿತ ಥ್ರೂಪುಟ್’ ಸಾಲು ಇದೆಯೇ ನೋಡಿ. ಆ ಅಂಕಿ ಕೊಡದ ಡ್ರೈವರ್ ಒಂದು ನೋಡ್‌ನಲ್ಲಿದ್ದರೂ ಲೆಕ್ಕ ಒರಟಾಗುತ್ತದೆ. 4 ಮತ್ತು 5 ಒಂದಕ್ಕೊಂದು ಮಾತಾಡುವುದಿಲ್ಲ, ಹಾಗಾಗಿ ಬದಲಾವಣೆ ಎಲ್ಲ ಕಡೆ ಒಟ್ಟಿಗೇ ಆಗಬೇಕು. ಬ್ಯಾಟ್0 ಹುಟ್ಟುವ ಮೊದಲೇ ಅಲ್ಗಾರಿದಮ್ ಹೇಳಬೇಕಾದ್ದರಿಂದ ಇಂಟರ್‌ಫೇಸ್ ಅಳಿಸಿ ಮತ್ತೆ ಕಟ್ಟಬೇಕು. ಇಲ್ಲಿನ ಆರು ರೂಟರ್‌ಗಳಲ್ಲಿ ಎಲ್ಲವೂ ಒಂದೇ ರೇಡಿಯೊ ಚಿಪ್ಪಿನವಲ್ಲ. 4ರಲ್ಲೇ ಉಳಿದೆವು.

ಹಂತ 8: ಮಳೆಗಾಲ ಮತ್ತು ಪಂಪ್‌ಶೆಡ್

24000ದ ದರ ಮನೆ-ಟ್ಯಾಂಕ್ ಲಿಂಕನ್ನು ಸರಿಯಾಗಿಯೇ ಕೆಳಗೆ ತಳ್ಳಿತು. ಅದೇ ದರ ಟ್ಯಾಂಕ್-ಪಂಪ್‌ಶೆಡ್ ಲಿಂಕನ್ನು ಮಳೆಯಲ್ಲಿ ಕೊಂದಿತು. ಒಣಗಿದ್ದಾಗ ಅದು ಮೈನಸ್ 68. ಅಡಿಕೆಯ ಸೋಗೆ ನೆನೆದರೆ ಮೈನಸ್ 80. ಅಂದರೆ ಬಿಡಬೇಕಾದ ಲಿಂಕಿಗೂ ಉಳಿಸಬೇಕಾದ ಲಿಂಕಿಗೂ ಸಿಗ್ನಲ್ ಹೆಚ್ಚುಕಡಿಮೆ ಒಂದೇ! ಮಲ್ಟಿಕಾಸ್ಟ್ ದರ ಇಂಟರ್‌ಫೇಸಿಗೆ ಅನ್ವಯವಾಗುತ್ತದೆ, ಒಂದೊಂದು ನೆರೆಗೆ ಬೇರೆ ಬೇರೆ ಇಡಲಾಗದು. ಇವೆರಡನ್ನೂ ಬೇರ್ಪಡಿಸುವ ಒಂದು ಸಂಖ್ಯೆ ಇಲ್ಲವೇ ಇಲ್ಲ. ಇದು ಅರ್ಥವಾಗುವವರೆಗೆ ದರವನ್ನು ಮೇಲೆ ಕೆಳಗೆ ಮಾಡಿ ಪ್ರಯೋಜನವಾಗಲಿಲ್ಲ.

ಪಂಪ್‌ಶೆಡ್ಡಿಗೆ ಬೇರೆ ಬ್ಯಾಂಡೇ ಉತ್ತರ. ಟ್ಯಾಂಕ್ ಮತ್ತು ಪಂಪ್‌ಶೆಡ್ ಎರಡರಲ್ಲಿ ಮಾತ್ರ 2.4 ಗಿಗಾಹರ್ಟ್ಸಿನ ಮೇಲೂ ಒಂದು ಮೆಶ್ ಇಂಟರ್‌ಫೇಸ್ ಕಟ್ಟಿ ಬ್ಯಾಟ್0ಕ್ಕೆ ಎರಡನೇ ಹಾರ್ಡ್‌ಇಫ್ ಆಗಿ ಸೇರಿಸಿದೆವು. ಚಾನೆಲ್ 11, ಅಗಲ 20, ಮಲ್ಟಿಕಾಸ್ಟ್ ದರ ಮುಟ್ಟಿಲ್ಲ. ಒದ್ದೆ ಎಲೆಯಲ್ಲಿ 2.4ರ ಸಿಗ್ನಲ್ ಮೈನಸ್ 71, ವೇಗ 14 ಎಂಬಿಪಿಎಸ್. ಒಣಗಿದ್ದಾಗ ಬ್ಯಾಟ್‌ಮ್ಯಾನ್ 5 ಗಿಗಾಹರ್ಟ್ಸ್ ಹಿಡಿಯುತ್ತದೆ, ಮಳೆ ಜೋರಾದರೆ 2.4ಕ್ಕೆ ಜಾರುತ್ತದೆ. ‘ಬ್ಯಾಟ್‌ಸಿಟಿಎಲ್ ಒ’ ಪಟ್ಟಿಯಲ್ಲಿ ಪಂಪ್‌ಶೆಡ್ಡಿನ ಎದುರು ಇರುವ ಹೊರಹೋಗುವ ಇಂಟರ್‌ಫೇಸಿನ ಹೆಸರು ಬದಲಾಗುವುದನ್ನು ಮಳೆ ಬರುವಾಗ ನೋಡಬಹುದು. ಲೇಯರ್ 2ರಲ್ಲಿ ದಾರಿ ಬದಲಾಗುವುದರಿಂದ ಸ್ಟಾರ್ಟರಿನ ಐಪಿ ಸಂಪರ್ಕ ಕಡಿಯುವುದಿಲ್ಲ. ಈ ಇಡೀ ಕೆಲಸದಲ್ಲಿ ಮನಸ್ಸಿಗೆ ಅತ್ಯಂತ ತೃಪ್ತಿ ಕೊಟ್ಟ ಭಾಗ ಇದೇ.

ಹಂತ 9: ವಿದ್ಯುತ್ತು

ಟ್ಯಾಂಕಿಗೆ 12 ವೋಲ್ಟನ್ನೇ ತಂತಿಯಲ್ಲಿ ಕಳಿಸಿದ್ದು ನಡೆಯಲಿಲ್ಲ. 0.75 ಚದರ ಮಿ.ಮೀ. ತಾಮ್ರ ಕಿಲೋಮೀಟರಿಗೆ ಸುಮಾರು 24.5 ಓಮ್, ಹೋಗಿ ಬರುವ 400 ಮೀಟರಿಗೆ 9.8. ರೂಟರ್ ಅರ್ಧ ಆಂಪಿಯರ್ ಎಳೆದರೆ 4.9 ವೋಲ್ಟ್ ತಂತಿಯಲ್ಲೇ ಹೋಗುತ್ತದೆ, ಟ್ರಾನ್ಸ್‌ಮಿಟ್ ಹೆಚ್ಚಾದಾಗಲೆಲ್ಲ ರೂಟರ್ ರೀಬೂಟ್. 48 ವೋಲ್ಟಿನಲ್ಲಿ ಅದೇ 6 ವ್ಯಾಟಿಗೆ 0.125 ಆಂಪಿಯರ್, ನಷ್ಟ 1.2 ವೋಲ್ಟ್ ಮಾತ್ರ. ಮನೆಯ ಇನ್ವರ್ಟರ್ ಲೈನಿಗೆ 48 ವೋಲ್ಟ್ ಎಸ್‌ಎಂಪಿಎಸ್, ಟ್ಯಾಂಕಿನ ಪೆಟ್ಟಿಗೆಯೊಳಗೆ 12ಕ್ಕೆ ಇಳಿಸುವ ಕನ್ವರ್ಟರ್. 200 ಮೀಟರ್ ತಾಮ್ರಕ್ಕೆ ಸಿಡಿಲಿನ ಭಯ ಇದ್ದೇ ಇದೆ: ಎರಡೂ ತುದಿಗೆ ಸರ್ಜ್ ರಕ್ಷಕ, ಟ್ಯಾಂಕಿನ ಬಳಿ ಪ್ರತ್ಯೇಕ ಅರ್ಥಿಂಗ್, ಗುಡುಗು ಹತ್ತಿರ ಬಂದರೆ ಮನೆಯಲ್ಲಿ ಪ್ಲಗ್ ಕೀಳುವುದು. ಸೋಲಾರ್ ಯೋಚಿಸಿ ಬಿಟ್ಟದ್ದು ಮಳೆಗಾಲಕ್ಕಾಗಿ. ದಿನಕ್ಕೆ 140 ವ್ಯಾಟ್-ಅವರ್‌ನಷ್ಟು ಬೇಡುವ ರೂಟರಿಗೆ ಜೂನ್-ಜುಲೈ ಮೋಡದಲ್ಲಿ ಸಣ್ಣ ಪ್ಯಾನೆಲ್ ಸಾಲದು.

ಪಂಪ್‌ಶೆಡ್ಡಿನ ಬ್ಯಾಟರಿ ತುಂಬುವುದು ಪಂಪಿನ ಲೈನಿಗೆ ಕರೆಂಟ್ ಬರುವ ಹೊತ್ತಿನಲ್ಲಿ ಮಾತ್ರ. ಉಳಿದ 17 ಗಂಟೆಗೆ 5 ವ್ಯಾಟಿನಂತೆ 85 ವ್ಯಾಟ್-ಅವರ್ ಬೇಕು. 7 ಎಎಚ್ ಬ್ಯಾಟರಿಯ ಒಟ್ಟು ಶಕ್ತಿಯೇ 84. ಅರ್ಧಕ್ಕಿಂತ ಹೆಚ್ಚು ಇಳಿಸಿದರೆ ಅದು ಒಂದು ವರ್ಷ ಬಾಳದು. 26 ಎಎಚ್ ಆದರೆ ಅರ್ಧ ಇಳಿಸಿದರೂ 156.

ಹಂತ 10: ಪ್ರಸಾರದ ಗದ್ದಲ ಮತ್ತು ಉಳಿದವು

ಬ್ಯಾಟ್‌ಮ್ಯಾನ್ ವೈಫೈ ಮೇಲೆ ಪ್ರತಿ ಬ್ರಾಡ್‌ಕಾಸ್ಟ್ ಫ್ರೇಮನ್ನೂ ಮೂರು ಸಲ ಕಳಿಸುತ್ತದೆ, ಏಕೆಂದರೆ ಬ್ರಾಡ್‌ಕಾಸ್ಟಿಗೆ ಸ್ವೀಕೃತಿ ಬರುವುದಿಲ್ಲ. ಪ್ರತಿ ನೋಡ್ ಹಾಗೆ ಮಾಡುತ್ತದೆ. ಹಾಗಾಗಿ ಸುಮ್ಮನೆ ಕೂಗುತ್ತಿರುವ ಒಂದು ಸಾಧನವೂ ಇಡೀ ಬೆಟ್ಟದ ಗಾಳಿ ತಿನ್ನುತ್ತದೆ. ಕ್ಯಾಮೆರಾಗಳಲ್ಲಿ ಬೇಡದ ಡಿಸ್ಕವರಿ ಸೇವೆಗಳನ್ನು ನಿಲ್ಲಿಸಿದ್ದರಿಂದಲೇ ಕಾಣುವಷ್ಟು ವ್ಯತ್ಯಾಸವಾಯಿತು. ಹಂಚಿಕೆಯ ಎಆರ್‌ಪಿ ಕೋಷ್ಟಕ, ಅಂದರೆ ಡಿಎಟಿ, ಚಾಲೂ ಇರಲಿ; ‘ಈ ಐಪಿ ಯಾವ ಮ್ಯಾಕ್‌ನದು’ ಎಂದು ಕೇಳುವ ಎಆರ್‌ಪಿ ಕೂಗಾಟ ಅದರಿಂದ ತಗ್ಗುತ್ತದೆ. ಓಜಿಎಂ ಅಂತರವನ್ನು ದೊಡ್ಡ ಜಾಲಗಳಲ್ಲಿ 5000 ಮಿಲಿಸೆಕೆಂಡಿಗೆ ಏರಿಸುವುದುಂಟು. ಆರು ನೋಡಿಗೆ ಮೂಲದ 1000 ಸಾಕು.

ಆಚೆ ಮನೆಯಲ್ಲಿ ಮೊದಲೇ ಇದ್ದ ರೂಟರನ್ನು ಅವರು ಲ್ಯಾನ್ ಪೋರ್ಟಿಗೆ ಸಿಕ್ಕಿಸಿದ ದಿನ ಇಡೀ ತೋಟದ ಫೋನ್‌ಗಳಿಗೆ 192.168.0 ಸರಣಿಯ ವಿಳಾಸ ಬರತೊಡಗಿತು. ಒಂದೇ ಸ್ವಿಚ್ಚಿನಂತಿರುವ ಜಾಲದಲ್ಲಿ ಎರಡನೇ ಡಿಎಚ್‌ಸಿಪಿ ಎಲ್ಲಿಂದ ಬಂದರೂ ಎಲ್ಲರಿಗೂ ಬಂತು. ‘ಬ್ಯಾಟ್‌ಸಿಟಿಎಲ್ ಟಿಜಿ’ ಕೋಷ್ಟಕದಲ್ಲಿ ಆ ಡಿಎಚ್‌ಸಿಪಿಯ ಮ್ಯಾಕ್ ಹುಡುಕಿದರೆ ಅದು ಯಾವ ನೋಡ್ ಹಿಂದೆ ಇದೆಯೆಂದು ಕೂತಲ್ಲೇ ಗೊತ್ತಾಗುತ್ತದೆ. ಆ ರೂಟರಿನ ಡಿಎಚ್‌ಸಿಪಿ ನಿಲ್ಲಿಸಿ ಅದನ್ನು ಬರೀ ಎಪಿ ಮಾಡಿದೆವು. ಜೊತೆಗೆ ಗೇಟ್‌ವೇಯ ಗೇಟ್‌ವೇ ಮೋಡ್ ‘ಸರ್ವರ್’, ಉಳಿದವು ‘ಕ್ಲೈಂಟ್’ ಎಂದಿಟ್ಟರೆ ಫೋನ್‌ಗಳ ಡಿಎಚ್‌ಸಿಪಿ ಕೋರಿಕೆ ಎಲ್ಲೆಡೆ ಕೂಗದೆ ಗೇಟ್‌ವೇಗೆ ನೇರ ಹೋಗುತ್ತದೆ.

ಈಗಿನ ಅಳತೆ

ಮನೆಯಿಂದ ಅಂಗಳ 150, ಕೊಟ್ಟಿಗೆ 80, ಟ್ಯಾಂಕ್ 48, ಆಚೆ ಮನೆ 27, ಪಂಪ್‌ಶೆಡ್ ಒಣಗಿದ್ದಾಗ 22, ಮಳೆಯಲ್ಲಿ 12 ಎಂಬಿಪಿಎಸ್. ಆಚೆ ಮನೆಯ 27ಕ್ಕೆ ಕಾರಣ ಮೂರು ಹಾಪ್ ಒಂದೇ ಚಾನೆಲ್ ಹಂಚಿಕೊಳ್ಳುವುದು. ಅದನ್ನು ಹೆಚ್ಚಿಸಬೇಕಾದರೆ ಟ್ಯಾಂಕಿನ ಪೆಟ್ಟಿಗೆಗೆ ಇನ್ನೊಂದು ರೂಟರ್ ಇಟ್ಟು, ಎರಡನ್ನೂ ಒಂದು ಗೇಣುದ್ದದ ಕೇಬಲ್ಲಿನಿಂದ ಹಾರ್ಡ್‌ಇಫ್ ಆಗಿ ಜೋಡಿಸಿ, ಆಚೆ ಮನೆಯ ಲಿಂಕನ್ನು ಚಾನೆಲ್ 36ಕ್ಕೆ ಒಯ್ಯಬೇಕು. 48 ವೋಲ್ಟಿನ ತಂತಿ ಆ ಹೆಚ್ಚಿನ 6 ವ್ಯಾಟ್ ತಾಳುತ್ತದೆ, ನಷ್ಟ 2.5 ವೋಲ್ಟಿಗೆ ಏರುತ್ತದೆ ಅಷ್ಟೇ. ಮಳೆ ನಿಂತ ಮೇಲೆ ಮಾಡಬೇಕಾದ ಕೆಲಸ ಅದು.

ಫರ್ಮ್‌ವೇರ್ ನವೀಕರಿಸುವಾಗ ಕ್ರಮ ಹಿಂದುಮುಂದಾಗಬಾರದು: ಮೊದಲು ತುದಿಯ ಪಂಪ್‌ಶೆಡ್ ಮತ್ತು ಆಚೆ ಮನೆ, ಆಮೇಲೆ ಟ್ಯಾಂಕ್, ಅಂಗಳ, ಕೊಟ್ಟಿಗೆ, ಕೊನೆಗೆ ಮನೆ.